ಕೊರಳಿಗೆ ಹಲಗೆ ಕಟ್ಟಿಕೊಂಡ ಗಂಡು

ಕಾನೂನು ಮಾಡುವವರನ್ನು ಕಂಡರೆ ನನಗೆ ಈಗಲೂ ಅಯ್ಯೋ ಪಾಪ ಎನಿಸುತ್ತದೆ. ಕಾನೂನಿಗೆ ಒಳಗಾಗುವವರ ಬಗ್ಗೆ ಅಷ್ಟು ಮರುಕವಿಲ್ಲ. ಅವರು ಹೇಗೋ ಒಂದು ಸಂದಿ ಹುಡುಕಿಕೊಂಡು ನುಸುಳಿಬಿಡುತ್ತಾರೆ. ಮಾಡಿದವನಿಗೆ ಮಾತ್ರ ಆ ಸಂದಿಯಲ್ಲಿ ನುಸುಳಲು ನಾಚಿಕೆ ಅಡ್ಡ ಬರುತ್ತದೆ. "ಬೇಲಿ ಹಾಕೋನು ಮೊದ್ಲು ತಾನು ಯಾವ ಕಡೆ ನಿಂತಿದೀನಿ ಅಂತ ನೋಡ್ಕೋಬೇಕು ಕಣೋ" ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅವಳು ಹೇಳಿದ್ದು ಹುರುಳಿ ಹೊಲದ ಬೇಲಿಯ ವಿಷಯ. ನಾನು ಆ ಮಾತನ್ನು ಹೊಲದಲ್ಲೇ ಬಿಟ್ಟು, ಬಿ.ಎ. ಪಾಸು ಮಾಡಿ, ಇಂಗ್ಲಿಷ್ ಮೇಷ್ಟ್ರಾಗಿ, ಒಂದು ಕಾನೂನು ಮಾಡಿ, ಕೊರಳಿಗೆ ಹಲಗೆ ಕಟ್ಟಿಕೊಂಡೆ. ನಿಜವಾದ ಹಲಗೆ ಸ್ವಾಮಿ. ಟೀ ಪುಡಿ ಪೆಟ್ಟಿಗೆಯ ಮುಚ್ಚಳದಿಂದ ಕೊಯ್ದದ್ದು, ಎರಡು ತೂತು, ಒಂದು ಸೆಣಬಿನ ದಾರ.

ಎಪ್ಪತ್ತರ ದಶಕದ ಶುರುವಿನಲ್ಲಿ, ದೊಡ್ಡಬಳ್ಳಾಪುರದಿಂದ ಮಾಕಳಿದುರ್ಗದ ಕಡೆಗೆ ಹೋಗುವ ರಸ್ತೆಯಲ್ಲಿ, ಹಿಂದೆ ರೇಷ್ಮೆಗೂಡು ತುಂಬಿಡುತ್ತಿದ್ದ ಹೆಂಚಿನ ಕಟ್ಟಡವೊಂದರಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುವ ಶಾಲೆಯಿತ್ತು. ಬೆಂಗಳೂರಿನ ಕಾಲೇಜುಗಳಲ್ಲಿ ವ್ಯವಸಾಯವನ್ನೋ ಪಶುವೈದ್ಯವನ್ನೋ ಓದಲು ಬಂದವರು ಮೊದಲು ಆರು ತಿಂಗಳು ನಮ್ಮಲ್ಲಿ ಉಳಿದು ಇಂಗ್ಲಿಷನ್ನು ಪಳಗಿಸಿಕೊಳ್ಳಬೇಕಿತ್ತು. ಇರಾನಿನವರು, ಥಾಯ್ಲೆಂಡಿನವರು, ಆಫ್ರಿಕದವರು ಸೇರಿ ಹದಿನೆಂಟು ಜನ. ಇಂಗ್ಲಿಷ್ ಕಲಿಯಲು ಸಮುದ್ರ ದಾಟಿ ಬಂದವರನ್ನು ಇಂಗ್ಲಿಷಿನ ಗಾಳಿಯೇ ಸುಳಿಯದ ಜಾಗದಲ್ಲಿ ಯಾರು ತಂದು ಇಳಿಸಿದರೋ ನನಗೆ ತಿಳಿಯದು. ಗೇಟಿನಾಚೆ ಕಾಲಿಟ್ಟರೆ ಒಂದು ಕಡೆ ಮಗ್ಗದ ಸದ್ದು, ಇನ್ನೊಂದು ಕಡೆ ಕುರಿಮಂದೆ. ಇಂಗ್ಲಿಷ್ ಬಲ್ಲ ಅತಿ ಹತ್ತಿರದ ಜೀವವೆಂದರೆ ರೈಲ್ವೆ ಸ್ಟೇಷನ್ ಮಾಸ್ತರರು. ಅವರೂ ರೈಲು ತಡವಾದಾಗ ಮಾತ್ರ ಇಂಗ್ಲಿಷಿಗೆ ಇಳಿಯುತ್ತಿದ್ದರು.

ನಾನು ರಾಜಘಟ್ಟದ ಪಕ್ಕದ ಊರಿನವನು. ಆಗ ಇಪ್ಪತ್ತೆಂಟು ವಯಸ್ಸು, ಮದುವೆಯಾಗಿರಲಿಲ್ಲ. ಹೆಣ್ಣು ಸಿಗಲಿಲ್ಲವೆಂದಲ್ಲ, ಮೂರು ಸಂಬಂಧ ಮನೆ ಬಾಗಿಲವರೆಗೆ ಬಂದು ವಾಪಸಾಗಿದ್ದವು. ಮೂರಕ್ಕೂ ಕಾರಣ ನನ್ನ ಬಾಯಿ. ನೆಲಮಂಗಲದಲ್ಲಿ ಹೆಣ್ಣು ನೋಡಲು ಹೋದವನು ಹುಡುಗಿಯ ಮುಖ ನೋಡುವ ಮೊದಲೇ ಅವಳ ಅಪ್ಪನಿಗೆ ರಾಗಿ ಬಿತ್ತುವ ಸರಿಯಾದ ಕ್ರಮವನ್ನು ಒಂದೂವರೆ ಗಂಟೆ ವಿವರಿಸಿದ್ದೆ. ಆತ ನಲವತ್ತು ವರ್ಷದಿಂದ ರಾಗಿ ಬೆಳೆಯುತ್ತಿದ್ದ ಮನುಷ್ಯ. ಇನ್ನೊಂದು ಕಡೆ ನಮ್ಮ ದೊಡ್ಡಪ್ಪ ಯಾತ್ರೆಗೆ ಹೋದಾಗ ಎರಡನೆಯ ಹೆಂಡತಿಯನ್ನು ಕಟ್ಟಿಕೊಂಡು ಬಂದ ಕಥೆಯನ್ನು ಬಹಳ ರಸವತ್ತಾಗಿ ಹೇಳಿದೆ. ಎಲ್ಲರೂ ನಕ್ಕರು, ಹೆಣ್ಣು ಕೊಡಲಿಲ್ಲ. ಮೂರನೆಯದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೊನೆಗೆ ನಮ್ಮವ್ವ, "ಕೃಷ್ಣಪ್ಪಾ, ಹೆಣ್ಣಿನ ಕಡೆಯೋರ ಮುಂದೆ ಬಾಯಿಗೆ ಬೀಗ ಜಡ್ಕೋ. ನಾಕ್ನೇದೂ ಮುರಿದ್ರೆ ನಾನಂತೂ ಇನ್ನು ಹುಡ್ಕೋಳಲ್ಲ" ಎಂದು ಕೈತೊಳೆದುಕೊಂಡಳು.

ನಾಲ್ಕನೆಯದು ಹೊಸಕೋಟೆ ಕಡೆಯ ಮುನಿಶಾಮಪ್ಪನವರ ಮಗಳು, ಸರೋಜ. ನೆಂಟರ ಮದುವೆಯೊಂದರಲ್ಲಿ ಅವಳು ಪಂಕ್ತಿಯಲ್ಲಿ ಕೋಸಂಬರಿ ಬಡಿಸಿಕೊಂಡು ಬಂದಿದ್ದಳು. ನಾನು ಮೂರು ಸಲ ಹಾಕಿಸಿಕೊಂಡೆ. ಮೂರನೆಯ ಸಲ, "ಊಟಕ್ಕೂ ಜಾಗ ಇರ್ಲಿ" ಎಂದು ಹೇಳಿ ಮುಂದಕ್ಕೆ ಹೋದಳು. ಅಂದಿನಿಂದ ನನಗೆ ಬೇರೆ ಹೆಣ್ಣು ಬೇಡವಾಗಿತ್ತು. ನನ್ನ ಸೋದರಮಾವ ಮಾತುಕತೆ ಶುರು ಮಾಡಿದ್ದ. ನಮ್ಮ ಕಡೆ ಒಂದು ಪದ್ಧತಿಯಿದೆ. ಹೆಣ್ಣು ತೋರಿಸುವ ಮೊದಲು ಆ ಕಡೆಯ ಹಿರಿಯರೊಬ್ಬರು ಹೇಳದೆ ಕೇಳದೆ ಗಂಡಿರುವ ಜಾಗಕ್ಕೆ ಬಂದು, ಅಕ್ಕಪಕ್ಕದವರಲ್ಲಿ ಅವನ ನಡತೆ ವಿಚಾರಿಸಿಕೊಂಡು ಹೋಗುತ್ತಾರೆ. ಯಾವತ್ತು ಬರುತ್ತಾರೆ, ಯಾರನ್ನು ಕೇಳುತ್ತಾರೆ, ಬ್ರಹ್ಮನಿಗೂ ಗೊತ್ತಿರುವುದಿಲ್ಲ. ಹಾಗಾಗಿ ನಾನು ಆ ತಿಂಗಳೆಲ್ಲ ದಿನಾ ಮುಖಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಗೇಟಿನ ಕಡೆ ಒಂದು ಕಣ್ಣಿಟ್ಟೇ ಪಾಠ ಮಾಡುತ್ತಿದ್ದೆ.

ಈ ನಡುವೆಯೇ ನನಗೆ ಕಾನೂನು ಮಾಡುವ ಬುದ್ಧಿ ಬಂತು. ನಮ್ಮ ಹುಡುಗರು ತರಗತಿಯಲ್ಲಿ ಇಂಗ್ಲಿಷ್, ಹೊರಗೆ ಬಂದರೆ ತಂತಮ್ಮ ಭಾಷೆ. ಇದಕ್ಕೇನು ಮಾಡುವುದೆಂದು ಪ್ರಿನ್ಸಿಪಾಲರು ಸಭೆಯಲ್ಲಿ ತಲೆ ಕೆರೆದುಕೊಂಡಾಗ ನಾನು ಎದ್ದು ನಿಂತು ಹಲಗೆಯ ಉಪಾಯ ಹೇಳಿದೆ. ಗೇಟಿನೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಯಾರ ಬಾಯಿಂದ ಬಂದರೂ ಅವರ ಕೊರಳಿಗೆ ಹಲಗೆ. ತನ್ನ ಹಾಗೇ ತಪ್ಪಿದ ಇನ್ನೊಬ್ಬನನ್ನು ಹಿಡಿಯುವವರೆಗೆ ಅದನ್ನು ತೆಗೆಯುವಂತಿಲ್ಲ. "ಮೇಷ್ಟ್ರಿಗೂ ಉಂಟೇನ್ರಿ?" ಎಂದರು ಪ್ರಿನ್ಸಿಪಾಲರು. "ಕಾನೂನು ಎಲ್ಲರಿಗೂ ಒಂದೇ ಸಾರ್" ಎಂದೆ ಎದೆಯುಬ್ಬಿಸಿ. ಆ ಒಂದು ವಾಕ್ಯವನ್ನು ಹೇಳದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಮೊದಲ ವಾರ ಹುಡುಗರು ಸಿಕ್ಕಿಬಿದ್ದರು. ಎರಡನೆಯ ವಾರ ಅವರು ಉಪಾಯ ಕಂಡುಕೊಂಡರು: ಮಾತೇ ಆಡದಿರುವುದು. ನನಗೆ ಆ ವಿದ್ಯೆ ಎಲ್ಲಿಂದ ಬರಬೇಕು? ಆಕಳಿಸಿದರೆ ಚಿಟಿಕೆಯೊಡನೆ "ಕೃಷ್ಣಾ" ಎನ್ನುವುದು ನಮ್ಮಜ್ಜಿ ಕಲಿಸಿದ್ದು, ಬಿತ್ತು ಹಲಗೆ. ಪುಸ್ತಕ ಎಣಿಸುವಾಗ ತುಟಿಯಲ್ಲೇ ಒಂದು, ಎರಡು, ಬಿತ್ತು ಹಲಗೆ. ಒಂದು ದಿನ ತರಗತಿಯೊಳಗೆ ನಾಯಿ ನುಗ್ಗಿದಾಗ "ಹಚಾ!" ಎಂದುಬಿಟ್ಟೆ. ಇದು ಕನ್ನಡವಲ್ಲ, ನಾಯಿಯ ಭಾಷೆ ಎಂದು ವಾದಿಸಿದೆ. ಹುಡುಗರು ನ್ಯಾಯಸ್ಥಾನ ನಡೆಸಿದರು. ಟಾಂಜಾನಿಯಾದ ಜುಮಾ ಎಂಬ ಆರೂಕಾಲಡಿ ಎತ್ತರದ ಹುಡುಗ, ತನ್ನ ದೇಶದ ನಾಯಿಗೆ ಈ ಮಾತು ತಿಳಿಯುವುದಿಲ್ಲವಾದ್ದರಿಂದ ಇದು ಕನ್ನಡವೇ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ವಾದ ಮಂಡಿಸಿದ. ಅವನ ಇಂಗ್ಲಿಷ್ ಅಷ್ಟು ಸುಧಾರಿಸಿದ್ದು ಕಂಡು ಮೇಷ್ಟ್ರಾಗಿ ಸಂತೋಷಪಡುತ್ತಾ ಅಪರಾಧಿಯಾಗಿ ತಲೆ ಬಗ್ಗಿಸಿದೆ. ತಿಂಗಳು ಮುಗಿಯುವ ಹೊತ್ತಿಗೆ ನಾನೂ ಬಾಯಿ ಕಟ್ಟಿಕೊಂಡೆ. ಹೇಳಬೇಕಾದ್ದನ್ನೆಲ್ಲ ಮೊದಲು ಮನಸ್ಸಿನಲ್ಲಿ ಇಂಗ್ಲಿಷ್ ಮಾಡಿ, ವ್ಯಾಕರಣ ನೋಡಿ, ಆಮೇಲೆ ಆಡುವುದೆಂದರೆ ಅರ್ಧಕ್ಕರ್ಧ ಮಾತು ಬೇಡವೇ ಅನಿಸಿಬಿಡುತ್ತದೆ.

ಈ ಕಾನೂನು ನಡೆಯದ ಒಂದೇ ಒಂದು ಜಾಗ ಅಡಿಗೆಮನೆ. ಅಡಿಗೆಯ ನಂಜಮ್ಮ ಮೊದಲ ದಿನವೇ ಸೌಟು ಹಿಡಿದು ಹೊಸಿಲ ಮೇಲೆ ನಿಂತು, "ನಿಮ್ಮ ಇಂಗ್ಲೀಸು ಈ ಹೊಸ್ಲು ದಾಟಂಗಿಲ್ಲ. ದಾಟಿದ್ರೆ ಒಲೆ ಹಚ್ಚಾಕಿಲ್ಲ" ಎಂದುಬಿಟ್ಟಿದ್ದಳು. ಪ್ರಿನ್ಸಿಪಾಲರೇ ಒಪ್ಪಿಕೊಂಡರು. ಹಾಗಾಗಿ ಹೊಟ್ಟೆಯಲ್ಲಿ ಮಾತು ತುಂಬಿಕೊಂಡವರೆಲ್ಲ ಅಲ್ಲಿಗೆ ಓಡುವುದು. ನಾನಂತೂ ಸಂಜೆ ಹುಡುಗರೆಲ್ಲ ಆಟಕ್ಕೆ ಹೋದ ಮೇಲೆ ಅಲ್ಲಿ ಕುಳಿತೆನೆಂದರೆ ದಿನದ ಬಾಕಿಯನ್ನೆಲ್ಲ ನಂಜಮ್ಮನ ಕಿವಿಗೆ ಸುರಿದೇ ಏಳುತ್ತಿದ್ದೆ. ಮಧ್ಯಾಹ್ನದ ಹೊತ್ತು ಅಲ್ಲಿಗೆ ಬರುತ್ತಿದ್ದ ಜುಮಾನಿಗೆ ಇನ್ನೊಂದು ಸೆಳೆತವಿತ್ತು. ಮೊದಲ ಸಲ ರಾಗಿಮುದ್ದೆ ಕಂಡಾಗ ಅವನ ಕಣ್ಣಲ್ಲಿ ನೀರು ಬಂದಿತ್ತಂತೆ; ಅವರ ಊರಿನಲ್ಲೂ ಜೋಳದ ಹಿಟ್ಟಿನ ಮುದ್ದೆಯೇ ಊಟ. ಅವನು ತುತ್ತು ಮುರಿದು, ಹೆಬ್ಬೆರಳಿನಿಂದ ಗುಳಿ ಮಾಡಿ, ಸಾರು ತುಂಬಿಕೊಳ್ಳುವುದನ್ನು ನೋಡಿ ನಂಜಮ್ಮ, "ಈ ಮಗ ನಮ್ಮ ಜನಾನೇ ಕಣಪ್ಪ, ಎಲ್ಲೋ ತಪ್ಪಿಸ್ಕೊಂಡು ಹೋಗಿದ್ದ" ಎಂದು ತೀರ್ಪು ಕೊಟ್ಟಳು. ಅವಳ ಬಾಯಿಂದ ಅವನು ಕನ್ನಡ ಕಲಿತ. ಅರವತ್ತು ದಾಟಿದ ಹೆಂಗಸಿನಿಂದ ಕಲಿತದ್ದರಿಂದ ಅವನ ಕನ್ನಡಕ್ಕೂ ಅರವತ್ತು ದಾಟಿತ್ತು.

ಅವತ್ತು ಬೆಳಿಗ್ಗೆ ತರಗತಿಯಲ್ಲಿ ಬೆಂಚು ಮಗುಚಿ ನನ್ನ ಕಾಲ್ಬೆರಳ ಮೇಲೆ ಬಿತ್ತು. "ಅಯ್ಯಯ್ಯಪ್ಪೋ, ಸತ್ತೆ!" ಎಂದೆ. ಥಾಯ್ಲೆಂಡಿನ ಸೋಮ್‌ಚಾಯ್ ಬಹಳ ವಿನಯದ ಹುಡುಗ. ಮೊದಲು ಎರಡೂ ಕೈ ಮುಗಿದು, ಆಮೇಲೆ ಹಲಗೆ ತಂದು ನನ್ನ ಕೊರಳಿಗೆ ಹಾಕಿದ. ನಾನು ಕುಂಟುತ್ತಾ ಜಗಲಿಗೆ ಬಂದೆ. ಗೇಟಿನಲ್ಲಿ ಬಿಳಿ ಪಂಚೆ, ಕಂಕುಳಲ್ಲಿ ಛತ್ರಿ, ಕೈಯಲ್ಲಿ ಚೀಲ. "ನಮಸ್ಕಾರ. ಹೊಸಕೋಟೆ ಕಡೆಯಿಂದ ಬಂದಿದೀನಿ. ಇಲ್ಲಿ ಕೃಷ್ಣಪ್ಪ ಅಂತ ಮೇಷ್ಟ್ರು ಅವ್ರಂತಲ್ಲ?" ಎಂದು ಆ ಹಿರಿಯರು ಕೇಳಿದರು. ಆ ಮದುವೆಯಲ್ಲಿ ನಾನು ದೂರದಿಂದ ಕಂಡಿದ್ದ ಮುನಿಶಾಮಪ್ಪನವರೇ ಬಂದಿದ್ದರು.

ಕನ್ನಡದಲ್ಲಿ ಉತ್ತರಿಸೋಣವೆಂದರೆ ಕಿಟಕಿಯಲ್ಲಿ ಹದಿನೇಳು ಮುಖಗಳು ಕಾಯುತ್ತಿದ್ದವು. ಮೇಷ್ಟ್ರೇ ಬೇಕೆಂದು ಕಾನೂನು ಮುರಿದರೆ ನಾಳೆ ಅವರ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಇಂಗ್ಲಿಷಿನಲ್ಲಿ ಹೇಳಿದರೆ ಅವರಿಗೆ ತಿಳಿಯದು. ಮೇಲಾಗಿ ಬಾಯಿ ತೆರೆದರೆ ನಿಲ್ಲುವ ಜಾತಿಯಲ್ಲ ನಾನು. ಸುಮ್ಮನೆ ಕೈ ಮುಗಿದೆ. ಅವರು ಕನಿಕರದಿಂದ, "ಮೂಗಾ ಏನಪ್ಪಾ?" ಎಂದರು. ಅಷ್ಟರಲ್ಲಿ ಹದಿನೆಂಟನೆಯವನಾದ ಜುಮಾ ಹಿಂದಿನಿಂದ ಬಂದು, ಕೃಷ್ಣಪ್ಪನವರು ಇವರೇ ಎಂದು ಇಂಗ್ಲಿಷಿನಲ್ಲಿ ಹೇಳಿ ನನ್ನತ್ತ ಬೆರಳು ತೋರಿಸಿದ. ಮುನಿಶಾಮಪ್ಪನವರ ಕಣ್ಣು ನನ್ನ ಮುಖದಿಂದ ಹಲಗೆಗೆ ಇಳಿಯಿತು, ಅಲ್ಲೇ ನಿಂತಿತು. "ಶಿವನೇ, ಕಳ್ಳನ್ನ ಹಿಡಿದು ಮೆರವಣಿಗೆ ಮಾಡ್ದಂಗೆ ಕಟ್ಟವ್ರಲ್ಲಪ್ಪಾ!" ಎಂದು ಛತ್ರಿಯನ್ನು ಬಿಗಿಯಾಗಿ ಹಿಡಿದು ಗೇಟಿನ ಕಡೆ ತಿರುಗಿಬಿಟ್ಟರು. ನನ್ನ ಕಣ್ಣ ಮುಂದೆ ಕೋಸಂಬರಿಯ ಪಾತ್ರೆ ದೂರ ದೂರ ಹೋಯಿತು.

ಜುಮಾನಿಗೆ ಏನು ಹೊಳೆಯಿತೋ, ಎರಡು ಹೆಜ್ಜೆಯಲ್ಲಿ ಹಾರಿ ಅವರ ಚೀಲ ಹಿಡಿದುಕೊಂಡು, ಅವರನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಅಡಿಗೆಮನೆಯ ಹೊಸಿಲು ದಾಟಿಸಿದ. ದಾಟಿದ್ದೇ ತಡ ಅವನ ಬಾಯಿ ಬಿಚ್ಚಿತು. "ಕುಂತ್ಕೊ ನನ್ ಕಂದಾ, ಬಿಸ್ಲಾಗೆ ಬಂದಿದ್ದೀಯ, ಮಜ್ಜಿಗೆ ಕುಡಿ" ಎಂದ. ಅರವತ್ತೈದರ ಮುನಿಶಾಮಪ್ಪನವರು ಇಪ್ಪತ್ತೆರಡರ ಆ ಹುಡುಗನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಮಣೆಯ ಮೇಲೆ ಮಗುವಿನ ಹಾಗೆ ಕುಳಿತುಬಿಟ್ಟರು. ನಾನು ಹೊರಗೆ ಬಾಗಿಲ ಮರೆಯಲ್ಲಿ ನಿಂತೆ. ಒಳಗೆ ಹೋದರೆ ಕನ್ನಡ ಆಡಬಹುದು, ನಿಜ. ಆಡಿದರೆ ನಾಲ್ಕನೆಯ ಸಂಬಂಧವೂ ಹೋಯಿತು ಎಂದು ಅವ್ವನ ಮಾತು ಕಾಲು ಹಿಡಿದಿತ್ತು.

"ಅಲ್ಲಪ್ಪಾ, ಆ ಮೇಷ್ಟ್ರು ಏನ್ ತಪ್ಪು ಮಾಡವ್ರೆ? ಯಾಕೆ ಹಲಗೆ?"

"ಕಾಲ್ ಮೇಲೆ ಬೆಂಚ್ ಬಿತ್ತು. ಅಯ್ಯಪ್ಪೋ ಅಂದ್ರು. ಅಯ್ಯಪ್ಪೋ ಅನ್ನಂಗಿಲ್ಲ."

"ಇದ್ಯಾವ ಸೀಮೆ ಕಾನೂನಯ್ಯಾ! ಯಾರ್ ಮಾಡಿದ್ದು?"

"ಅವ್ರೇ ಮಾಡಿದ್ದು. ಅವ್ರೇ ಕಟ್ಕೊತಾರೆ. ದೊಡ್ಡೋರ್ ಮಾಡಿದ್ ತಪ್ಪು ದೊಡ್ಡೋರ್ಗೇ ಕಟ್ಟೋದು ನಮ್ ದೇಶದಾಗೂ ಕಂಡಿಲ್ಲ ಕಣಪ್ಪಾ."

ಒಳಗೆ ಮಜ್ಜಿಗೆ ಗುಟುಕರಿಸುವ ಸದ್ದು. "ಕುಡಿತ ಗಿಡಿತ ಉಂಟಾ?"

"ಉಂಟು. ದಿನಾ ನಾಕ್ ಸಲ." ನಾನು ಬಾಗಿಲ ಪಟ್ಟಿ ಹಿಡಿದುಕೊಂಡೆ. "ಕಾಪಿ. ಸಕ್ರೆ ಸ್ಯಾನೆ."

"ಸಿಟ್ಟು?"

"ಬತ್ತದೆ. ಆದ್ರೆ ಇಂಗ್ಲೀಸಿಗೆ ತರೋವೊತ್ಗೆ ಆರೋಗ್ತದೆ."

"ಮಾತುಕತೆ ಹೆಂಗೆ?"

ನಾನು ಕಣ್ಣು ಮುಚ್ಚಿಕೊಂಡೆ. ಜುಮಾ ನಿಟ್ಟುಸಿರುಬಿಟ್ಟ. "ಮಾತೇ ಇಲ್ಲ ಕಣಪ್ಪಾ, ಪಾಪ. ಬೆಳಿಗ್ಗೆಯಿಂದ ಸಂಜೆಗಂಟ ನಾಕೇ ಮಾತು. ಅದೂ ಯೋಚ್ನೆ ಮಾಡಿ ಮಾಡಿ ಆಡ್ತಾರೆ."

ಅವನು ಸುಳ್ಳು ಹೇಳಲಿಲ್ಲ ಎಂದು ದೇವರ ಮೇಲೆ ಆಣೆ ಮಾಡುತ್ತೇನೆ. ಅವನಿಗೆ ಗೊತ್ತಿದ್ದ ಕೃಷ್ಣಪ್ಪ ಹಲಗೆಯ ಭಯದ ಕೃಷ್ಣಪ್ಪ. ಇನ್ನೊಬ್ಬ ಕೃಷ್ಣಪ್ಪ ಗೊತ್ತಿದ್ದದ್ದು ನಂಜಮ್ಮನಿಗೆ. ಅವಳು ಸೌಟು ಕೆಳಗಿಟ್ಟು, "ಅಯ್ಯೋ, ಮಾತಿಲ್ವಂತಾ? ಈವಯ್ಯ ಸಂಜೆ ಇಲ್ಲಿ ಕುಂತ್ರೆ..." ಎಂದು ಶುರು ಮಾಡಿಯೇಬಿಟ್ಟಳು. ನಾನು ಬಾಗಿಲ ಸಂದಿಯಿಂದ ಮುಖ ತೋರಿಸಿ ಎರಡೂ ಕೈ ಜೋಡಿಸಿದೆ. ಅವಳು ನನ್ನನ್ನು ನೋಡಿದಳು, ಮಣೆಯ ಮೇಲಿದ್ದ ಹಿರಿಯರನ್ನು ನೋಡಿದಳು. ಅವರು ಯಾಕೆ ಬಂದಿದ್ದಾರೆಂದು ಆಗಲೇ ಅವಳಿಗೆ ಹೊಳೆದಿರಬೇಕು. "...ಕುಂತ್ರೆ ಕುಂತಂಗೇ ಇರ್ತಾರೆ, ಕಲ್ ಗುಂಡ್ನಂಗೆ" ಎಂದು ಮುಗಿಸಿ ಒಲೆಯ ಕಡೆ ತಿರುಗಿದಳು. ಅವಳ ಬೆನ್ನು ಬಹಳ ಹೊತ್ತು ಕುಲುಕುತ್ತಿತ್ತು.

ಮುನಿಶಾಮಪ್ಪನವರು ಹೊರಗೆ ಬಂದು ನನ್ನೆದುರು ನಿಂತರು. "ಏನಪ್ಪಾ, ನಿಂದೇನಾರ ಹೇಳೋದೈತಾ?" ಹೇಳುವುದೇ? ಹಲಗೆಯ ಚರಿತ್ರೆ, ನಾಯಿಯ ಮೊಕದ್ದಮೆ, ಕೋಸಂಬರಿಗೆ ಉಪ್ಪು ಎಷ್ಟು ಹದವಾಗಿತ್ತು ಎಂಬುದು, ಎಲ್ಲವೂ ಗಂಟಲಿಗೆ ನುಗ್ಗಿ ಬಂದವು. ನುಂಗಿಕೊಂಡೆ. ಇಲ್ಲವೆಂದು ತಲೆಯಾಡಿಸಿದೆ. ಅವರು ನನ್ನ ಬೆನ್ನು ತಟ್ಟಿ, "ಸಾಕು ಬಿಡು. ನಮ್ಮುಡುಗಿಗೆ ವಸಿ ಮಾತು ಜಾಸ್ತಿ. ಒಂದು ವರ್ಷದಿಂದ ಕೇಳಿಸ್ಕೊಳ್ಳೋ ಗಂಡನ್ನ ಹುಡುಕ್ತಾ ಇದೀನಿ. ಬಂದೋರೆಲ್ಲಾ ತಾವೇ ಮಾತಾಡೋರು" ಎಂದರು. ಹೋಗುವಾಗ ಜುಮಾನಿಗೆ ಕೈ ಮುಗಿದರು. ಅವನು ಅವರ ತಲೆಯ ಮೇಲೆ ಕೈಯಿಟ್ಟು, "ಚೆನ್ನಾಗಿ ಬಾಳು ನನ್ನಪ್ಪಾ" ಎಂದು ಆಶೀರ್ವದಿಸಿದ.

ಮದುವೆಯಾಯಿತು. ನನ್ನ ನಿಜ ಸ್ವರೂಪ ಸರೋಜಳಿಗೆ ಎಷ್ಟನೆಯ ದಿನಕ್ಕೆ ತಿಳಿಯಿತೆಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಆದರೆ ಅವಳು ತಿಳಿದಂತೆ ತೋರಿಸಿಕೊಂಡವಳಲ್ಲ. ನಾನು ಒಂದು ಸಂಗತಿಯನ್ನು ಉತ್ಸಾಹದಿಂದ ಶುರು ಮಾಡಿ ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಆಶ್ಚರ್ಯದಿಂದ ಕಣ್ಣರಳಿಸಿ, "ಅಲ್ಲಾ, ಮಾತೇ ಆಡಲ್ಲ ಅಂತ ಆ ಹುಡುಗ ಅಷ್ಟು ನಿಯತ್ತಾಗಿ ಹೇಳಿದ್ನಂತೆ. ಸುಳ್ಳಾಡಿದ್ನಾ?" ಎನ್ನುತ್ತಾಳೆ. ಏನು ಹೇಳಲಿ? ಸಮುದ್ರದಾಚೆಯಿಂದ ಬಂದು, ಕಲಿಸದ ಭಾಷೆಯಲ್ಲಿ ಗುರುವಿನ ಪರ ಸಾಕ್ಷಿ ನುಡಿದ ಶಿಷ್ಯನನ್ನು ಸುಳ್ಳುಗಾರ ಮಾಡುವುದುಂಟೇ? ಸುಮ್ಮನಾಗುತ್ತೇನೆ. ಅವಳು ಮುಂದುವರಿಸುತ್ತಾಳೆ. ಹೀಗೆ ಒಬ್ಬ ಶಿಷ್ಯನ ಮಾನ ಕಾಪಾಡುತ್ತಾ ಮನೆಯಲ್ಲಿ ಎಷ್ಟೋ ವರ್ಷದಿಂದ ದಿನಕ್ಕೆ ನಾಲ್ಕು ಮಾತಿನ ಮೇಲೆ ಕಾಲ ಹಾಕುತ್ತಿದ್ದೇನೆ. ಉಳಿದದ್ದನ್ನು ಕಾಗದದ ಮೇಲೆ ಇಳಿಸುತ್ತೇನೆ. ನೀವು ಓದುವವರು, ನಡುವೆ ಬಾಯಿ ಹಾಕುವಂತಿಲ್ಲವಲ್ಲ.