ಅತ್ತೆಯ ಫೋಟೋ ಮತ್ತು ನನ್ನ ಕೊನೆಯ ರೀಲು

ಮೊಬೈಲಿನಲ್ಲಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ತಟ್ಟೆಗೆ ಬಂದ ದೋಸೆಯನ್ನು ನಾಲ್ಕೂ ದಿಕ್ಕಿನಿಂದ ತೆಗೆಯುತ್ತ ಕೂತು, ಆಮೇಲೆ ದೋಸೆ ಆರಿಹೋಯಿತೆಂದು ಹೋಟೆಲಿನವನ ಮೇಲೆ ರೇಗುವ ಜನ ಇವರು. ತೆಗೆದದ್ದನ್ನು ಒಬ್ಬರಾದರೂ ಎರಡನೇ ಸಲ ನೋಡುತ್ತಾರೆಯೇ? ನಾನು ಹಾಗಲ್ಲ. ನನ್ನದು ರೀಲು ಹಾಕುವ ಹಳೇ ಕ್ಯಾಮೆರಾ. ನಾವು ತೆಗೆಯುವ ಮುಂಚೆ ಯೋಚಿಸುತ್ತೇವೆ. ಎಷ್ಟು ಯೋಚಿಸುತ್ತೇವೆಂದರೆ, ಬಹಳ ಸಲ ತೆಗೆಯುವುದೇ ಇಲ್ಲ.

ದಾವಣಗೆರೆ, ಹರಿಹರ ಎರಡೂ ಸೇರಿ ನಮ್ಮಂಥವರು ಒಂದು ಆಟೋದಲ್ಲಿ ಹಿಡಿಸುವಷ್ಟು ಮಂದಿ ಇದ್ದೇವೆ. ಭಾನುವಾರ ಹರಿಹರದ ಗೆಳೆಯ ರುದ್ರೇಶಿಯ ಮನೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಫಿಲಂಗೆ ಬಂದ ದುರ್ಗತಿಗೆ ಮರುಗುತ್ತೇವೆ. ಯಾವುದೋ ಕಂಪನಿ ತಯಾರಿಕೆ ನಿಲ್ಲಿಸಿತಂತೆ, ಇನ್ನೊಂದು ಬೆಲೆ ಏರಿಸಿತಂತೆ, ಊರಲ್ಲಿ ತೊಳೆದುಕೊಡುವವರಿಲ್ಲ, ಬೆಂಗಳೂರಿಗೆ ಕೊರಿಯರ್ ಮಾಡಬೇಕು. ಹೀಗೆ ಗೊಣಗುವ ಮಹಾಶಯರೆಲ್ಲ ಇದ್ದ ರೀಲನ್ನು ಮನೆಯ ಫ್ರಿಜ್ಜಿನಲ್ಲಿ ಬಚ್ಚಿಟ್ಟಿದ್ದಾರೆ; ತಂಪಿನಲ್ಲಿದ್ದರೆ ಬೇಗ ಕೆಡುವುದಿಲ್ಲ. ಬಳಸಲು ಜೀವ ಬಾರದು, ಹೊಸದು ಕೊಳ್ಳಲು ಕೈ ಬಾರದು, ಶಾಪ ಮಾತ್ರ ಕಂಪನಿಗೆ. ವಿನೋಬನಗರದ ನಮ್ಮ ಮನೆಯಲ್ಲೂ ಒಂದೇ ಒಂದು ಕಪ್ಪು-ಬಿಳುಪು ರೀಲು ಕರಿಬೇವಿನ ಡಬ್ಬಿಯ ಹಿಂದೆ ಕೂತಿತ್ತು.

ಅದರ ಮೇಲೆ ಕೊಕ್ಕನೂರಿನ ನಮ್ಮ ಅತ್ತೆಯವರ ಕಣ್ಣು ಬಿತ್ತು. ತಾವು ಹೋದ ಮೇಲೆ ಗೋಡೆಗೆ ಹಾಕುವ ಫೋಟೋವನ್ನು ತಾವೇ ನೋಡಿ ಆರಿಸಬೇಕೆಂಬುದು ಅವರ ಆಸೆ. ಅವರ ಓರಗಿತ್ತಿ ತೀರಿಕೊಂಡಾಗ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಹಾಕಿದ್ದರು. ಅದರಲ್ಲಿ ಆ ಸಾಧ್ವಿ ಕದ್ದು ಸಿಕ್ಕಿಬಿದ್ದವರಂತೆ ಕಾಣುತ್ತಾರೆ. ಅತ್ತೆಗೆ ಅದೇ ಭಯ. ಮೊಬೈಲಿನ ಮೇಲೂ ನಂಬಿಕೆಯಿಲ್ಲ. "ಅದ್ರಾಗೆ ಬರೀ ಮೂಗೇ ಕಾಣ್ತೈತೆ. ನಿಮ್ ರೀಲಿನ ಕ್ಯಾಮೆರಾದಾಗೆ ತೆಗೀರಿ ಅಳಿಯಂದ್ರೇ" ಅಂದರು.

ಇಷ್ಟು ಮರ್ಯಾದೆ ಕೊಟ್ಟ ಮೇಲೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ರೀಲು ಹಾಕಿಕೊಂಡು ಹೋದೆ. ಅತ್ತೆ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಅಂಗಳದ ಕುರ್ಚಿಯಲ್ಲಿ ಬಿಗಿದು ಕೂತರು. ನನ್ನ ಹೆಂಡತಿ ಫೋನು ಎತ್ತಿದಾಗ ಗದರಿಸಿ ಒಳಗಿಡಿಸಿದೆ. ಮೊದಮೊದಲು ಜಿಪುಣತನದಿಂದ ಒಂದೊಂದೇ ತೆಗೆದೆ. ಆಮೇಲೆ ಇಬ್ಬರಿಗೂ ಹುರುಪು ಬಂದು ನಗುತ್ತ ಒಂದು, ಗಂಭೀರವಾಗಿ ಒಂದು, ಎಮ್ಮೆಯ ಜೊತೆಗೆ ಒಂದು ಆಯಿತು. ಮೂವತ್ತಾರು ಫೋಟೋದ ರೀಲು, ಮುಗಿದರೆ ಸುತ್ತುವ ಹಿಡಿ ಗಟ್ಟಿಯಾಗಿ ನಿಲ್ಲಬೇಕು. ಮೂವತ್ತೆಂಟಾದರೂ ಸಲೀಸಾಗಿ ತಿರುಗಿತು. ಕಂಪನಿಯವರು ಧಾರಾಳಿಗಳಪ್ಪ ಎಂದುಕೊಂಡೆ. ನಲವತ್ತು ದಾಟಿದಾಗ ಅನುಮಾನ ಬಂತು. ಒಳಗೆ ಹೋಗಿ ಕ್ಯಾಮೆರಾದ ಬೆನ್ನು ತೆರೆದು ನೋಡಿದೆ. ರೀಲಿನ ತುದಿಯನ್ನು ಆಚೆಬದಿಯ ಉರುಳೆಗೆ ಸಿಕ್ಕಿಸಬೇಕು. ನಾನು ಸಿಕ್ಕಿಸಿದ್ದು ಮೊದಲೇ ಜಾರಿತ್ತು. ಬೆಳಗಿನಿಂದ ಸುತ್ತಿದ್ದು ಬರೀ ಖಾಲಿ ಉರುಳೆ. ಅತ್ತೆಯ ಮುಖ ಒಂದರಲ್ಲೂ ಬಿದ್ದಿರಲಿಲ್ಲ.

ಥೂ ನನ್ನ ಜನ್ಮಕ್ಕೆ, ಅಂದುಕೊಳ್ಳಬೇಕು ತಾನೇ? ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಹೊಳೆಯಿತು. ಫಿಲಂ ಡಬ್ಬಿಯಿಂದ ಹೊರಗೇ ಬಂದಿಲ್ಲ, ರೀಲು ಹೊಚ್ಚಹೊಸದಾಗಿಯೇ ಉಳಿದಿದೆ! ಸಂತೋಷದಿಂದ ಕಣ್ಣು ತುಂಬಿತು. ಅದನ್ನು ಜೇಬಿಗಿಳಿಸಿ, ಮುಖ ಸಪ್ಪೆ ಮಾಡಿಕೊಂಡು ಹೊರಬಂದು, ಬೆಳಕು ಬಿದ್ದು ರೀಲೆಲ್ಲ ಹಾಳಾಯಿತು ಎಂದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಹೆಂಡತಿ ನನ್ನನ್ನು ಕೇಳದೆಯೇ ಫೋನು ತಂದು ಒಂದು ಫೋಟೋ ತೆಗೆದಳು. ಅತ್ತೆ ಅದನ್ನು ಬಹಳ ಹೊತ್ತು ನೋಡಿ, ಇಷ್ಟೇ ಸಾಕು ಬಿಡು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮನಸಿಗೆ ಹಚ್ಕಾಬ್ಯಾಡ್ರಿ. ಅದು ಈಗ ಎಲ್ಲೂ ಸಿಗಲ್ಲ ಅಂತಿದ್ರಿ. ನನ್ ಸಲುವಾಗಿ ದಂಡ ಆತಲ್ಲ" ಎಂದು ನೊಂದುಕೊಂಡರು.

ನಾನು ಜೇಬಿನ ರೀಲಿನ ಮೇಲೆ ಕೈಯಿಟ್ಟುಕೊಂಡೇ, ಪರವಾಗಿಲ್ಲ ಬಿಡಿ ಅತ್ತೆ ಎಂದು ದೊಡ್ಡ ಮನಸ್ಸು ಮಾಡಿ ಅವರನ್ನು ಕ್ಷಮಿಸಿದೆ.