‘ಹೋಗ್ತೀನಿ’ ಅನ್ನಬಾರದ ಮನೆ

ನಮ್ಮ ದೊಡ್ಡಮ್ಮನಿಗೆ ಈ ಜಗತ್ತಿನಲ್ಲಿ ಆಗದಿರುವುದು ಒಂದೇ ಒಂದು. ಅದು ಪಕ್ಕದ ಮನೆಯವಳಲ್ಲ, ಸಕ್ಕರೆ ಕಾಯಿಲೆಯಲ್ಲ, ನಾನೂ ಅಲ್ಲ (ನಂಬಿ!). ಅದು ‘ಹೋಗು’ ಎಂಬ ಕ್ರಿಯಾಪದ. ಅದನ್ನು ಕನ್ನಡ ಭಾಷೆಯಿಂದಲೇ ಕಿತ್ತುಹಾಕುವ ಅಧಿಕಾರ ಸಿಕ್ಕಿದ್ದರೆ ಅವರು ಒಂದು ಕ್ಷಣವೂ ಯೋಚಿಸುತ್ತಿರಲಿಲ್ಲ.

ದೊಡ್ಡಮ್ಮ ಎಂದರೆ ನನ್ನ ಗಂಡನ ದೊಡ್ಡಮ್ಮ. ಚಿಕ್ಕಂದಿನಲ್ಲೇ ತಾಯಿ ಕಳೆದುಕೊಂಡ ನನ್ನ ಗಂಡನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು ಅವರು ಮತ್ತು ದೊಡ್ಡಪ್ಪ. ದೊಡ್ಡಪ್ಪ ಬೂದಿಕೋಟೆ ಕಡೆಯ ಹೊಲ ಬಿಟ್ಟು ಬಂದು ಚಿನ್ನದ ಗಣಿಯೊಳಗೆ ಇಳಿದವರು. ಗಣಿ ಮುಚ್ಚಿದ ಮೇಲೂ ಕೋರಮಂಡಲ್‌ನ ಗಣಿ ಕಾಲೊನಿಯ ಆ ಪುಟ್ಟ ತಗಡಿನ ಮನೆ ಉಳಿದುಕೊಂಡಿತು. ಮದುವೆಯಾಗಿ ನಾನು ಬಂದು ಸೇರಿದ್ದು ಅಲ್ಲಿಗೇ. ಅಂಗಳದಲ್ಲಿ ನಿಂತರೆ ಒಂದು ಕಡೆ ತುಕ್ಕು ಹಿಡಿದ ಗಣಿಯ ಕಬ್ಬಿಣದ ಗೋಪುರ, ಇನ್ನೊಂದು ಕಡೆ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬ. ಗಾಳಿ ಎದ್ದರೆ ಒಗೆದು ಹಾಕಿದ ಬಟ್ಟೆಗೆಲ್ಲ ದಿಬ್ಬದ ಬೂದಿಬಣ್ಣದ ಪುಡಿ. ಅರಳಿಕೊಂಡು ನಗುವಂಥ ಊರಲ್ಲ ಇದು. ಒಂದು ಕಾಲಕ್ಕೆ ಎಲ್ಲವನ್ನೂ ಕಂಡು, ಈಗ ಸುಮ್ಮನೆ ಕೂತಿರುವ ಊರು.

ಬಂದ ಹೊಸದರಲ್ಲಿ ಒಂದು ಸಂಜೆ ತರಕಾರಿಗೆ ಹೊರಟವಳು ಬಾಗಿಲಲ್ಲಿ “ದೊಡ್ಡಮ್ಮ, ಅಂಗಡಿಗೆ ಹೋಗ್ತೀನಿ” ಎಂದೆ. ಒಳಗೆ ಪಾತ್ರೆ ಬಿದ್ದ ಸದ್ದು!

“ಏನಮ್ಮಿ ಅಂದೆ? ದೀಪ ಅಚ್ಚೋ ವೊತ್ತಲ್ಲಿ ಎಂಥಾ ಮಾತು! ಬತ್ತೀನಿ ಅನ್ನು.”

“ಇಲ್ಲ ದೊಡ್ಡಮ್ಮ, ನಾನು ಈಗ ಹೋಗ್ತಾ ಇರೋದು. ಆಮೇಲೆ ಬರೋದು.”

“ಆಮೇಲೆ ಬರಾದನ್ನೇ ಈಗ ಏಳು. ಓಗಾದು ಕಣ್ಣಿಗೆ ಕಾಣಿಸ್ತದಲ್ಲ, ಅದನ್ನ ಬೇರೆ ಏಳ್ಬೇಕಾ?”

ತರ್ಕದಲ್ಲಿ ಅವರನ್ನು ಗೆದ್ದವರು ಯಾರಿದ್ದಾರೆ? ನಾನು ವಾಪಸ್ ಒಳಗೆ ಬಂದು, ನೀರು ಕುಡಿದು, “ಬತ್ತೀನಿ” ಎಂದು ಮತ್ತೆ ಹೊರಟೆ. ಅಷ್ಟರಲ್ಲಿ ಒಳ್ಳೆಯ ಟೊಮೆಟೊ ಎಲ್ಲ ಮಾರಿಹೋಗಿತ್ತು. ಕ್ಷಮಿಸಿ, ಮಾರಿ ಬಂದಿತ್ತು!

ಎದುರುಮನೆಯ ತಮಿಳಿನ ಅಕ್ಕನನ್ನು ಕಂಡರೆ ದೊಡ್ಡಮ್ಮನಿಗೆ ವಿಶೇಷ ಪ್ರೀತಿ. ಆಕೆ “ಪೋಯಿಟ್ಟು ವರೇನ್” ಅನ್ನುತ್ತಾಳೆ, ಹೋಗಿಬರುತ್ತೇನೆ ಅಂತ. ಮುಳಬಾಗಿಲಿನಿಂದ ಬರುವ ನೆಂಟರು ತೆಲುಗಿನಲ್ಲಿ “ಪೋಯಿ ವಸ್ತಾ” ಅನ್ನುತ್ತಾರೆ. “ಎಲ್ಲಾ ಭಾಷೆನಾಗೂ ಬುದ್ಧಿ ಐತೆ, ನಿಂಗೆ ಮಾತ್ರ ಇಲ್ಲ” ಎಂದು ನನಗೆ ತೀರ್ಪು. ದಾವಣಗೆರೆಯ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಅಲ್ಲಿ ನಾವು ಏನೂ ಹೇಳದೆ ಹೋಗುತ್ತಿದ್ದೆವು, ವಾರ್ಡನ್ ಕಣ್ಣಿಗೆ ಬೀಳದೆ ಬರುತ್ತಿದ್ದೆವು!

ಈ ಹಗೆ ಮನುಷ್ಯರಿಗಷ್ಟೇ ಸೀಮಿತವಾಗಿರಲಿಲ್ಲ. ನಮ್ಮ ಮನೆಯಲ್ಲಿ ಯಾವ ಪದಾರ್ಥವೂ ಮುಗಿದು ಹೋಗುವಂತಿಲ್ಲ. ಕುಂಕುಮ ಖಾಲಿಯಾದರೆ ‘ಹೆಚ್ಚಿದೆ’ ಅನ್ನಬೇಕು. ಬಳೆ ಒಡೆದರೆ ‘ಹೆಚ್ಚಿದೆ’. ಇದು ಹಳಬರ ಮನೆಗಳಲ್ಲೆಲ್ಲ ಇದ್ದದ್ದೇ ಅಂತ ಈಗ ಗೊತ್ತು. ಆಗ ಯಾರು ಹೇಳಿದ್ದರು? ಒಂದು ಬೆಳಿಗ್ಗೆ ದೊಡ್ಡಮ್ಮ ಡಬ್ಬಿಯೊಳಗೆ ಇಣುಕಿ “ಅಕ್ಕಿ ಎಚ್ಚೈತೆ ಕಣಮ್ಮಿ” ಎಂದರು. ಹೆಚ್ಚಿದ್ದರೆ ಒಳ್ಳೆಯದೇ ಆಯಿತಲ್ಲ ಎಂದುಕೊಂಡು, ಸಾಲ ಕೇಳಲು ಬಂದ ಎದುರುಮನೆ ಅಕ್ಕನಿಗೆ ಡಬ್ಬಿಯ ತಳದಲ್ಲಿದ್ದದ್ದನ್ನೂ ಧಾರಾಳವಾಗಿ ಸುರಿದು ಕೊಟ್ಟೆ. ಮಧ್ಯಾಹ್ನ ಊರಿನಿಂದ ನೆಂಟರು ಬಂದಿಳಿದರು. ಅವತ್ತು ಎಲ್ಲರಿಗೂ ಮುದ್ದೆ, ನನಗೆ ಬೈಗುಳ.

ಇನ್ನು ನನ್ನ ಗಂಡನ ಪಾಡು ಕೇಳಬೇಡಿ. ಅವರಿಗೆ ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸ, ದಿನವೂ ರೈಲು. ಒಂದು ದಿನ ತಡವಾಗಿ, ಬಾಯಲ್ಲಿ ಚಪಾತಿ ಇಟ್ಟುಕೊಂಡೇ ಓಡಿದರು. ಬಾಯಲ್ಲಿ ಚಪಾತಿ ಇದ್ದರೆ ಮಾತು ಹೇಗೆ ಬರುತ್ತದೆ? ದೊಡ್ಡಮ್ಮ ಕಾಲಿಗೆ ಚಪ್ಪಲಿಯೂ ಇಲ್ಲದೆ ಸ್ಟೇಷನ್ನಿಗೆ ಓಡಿದರು. ರೈಲು ಹೊರಟಿತ್ತು.

“ಲೇ! ಏಳೋ! ಬತ್ತೀನಿ ಅನ್ನೋ!”

ಬಾಗಿಲಲ್ಲಿ ನೇತಾಡುತ್ತಿದ್ದವರೆಲ್ಲ ತಮಗೇ ಹೇಳಿದ್ದೆಂದುಕೊಂಡು “ಬತ್ತೀವಿ ಅವ್ವಾ!” ಎಂದು ಕೂಗಿದರು. ಇಡೀ ಬೋಗಿಯ ಆಯಸ್ಸು ಗಟ್ಟಿ ಮಾಡಿದ ತೃಪ್ತಿಯಲ್ಲಿ ದೊಡ್ಡಮ್ಮ ಕುಂಟುತ್ತ ಮನೆಗೆ ಬಂದರು.

ಇದು ಬರೀ ಹುಚ್ಚಾಟ ಅಲ್ಲ ಅಂತ ನನಗೆ ಹೇಳಿದ್ದು ದೊಡ್ಡಪ್ಪ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಪಕ್ಕದ ಸಾಲಿನ ಮನೆಯವನೊಬ್ಬ, ಹೆಂಡತಿಯ ಮೇಲೆ ಮುನಿಸಿಕೊಂಡು “ಹೋಗ್ತೀನಿ” ಅಂತಲೇ ಹೇಳಿ ಪಾಳಿಗೆ ಹೊರಟನಂತೆ. ಅವತ್ತು ಭೂಮಿಯೊಳಗೆ ಬಂಡೆ ಸಿಡಿಯಿತು. ಮನೆಗಳ ಮೇಲಿನ ತಗಡೆಲ್ಲ ಅದುರಿತು. ಅವನು ಬರಲಿಲ್ಲ. ಅವನ ಹೆಂಡತಿ ದೊಡ್ಡಮ್ಮನ ತೊಡೆಯ ಮೇಲೆ ತಲೆಯಿಟ್ಟು ಅತ್ತಳಂತೆ. ಅಂದಿನಿಂದ ದೊಡ್ಡಪ್ಪ ಪ್ರತಿ ಪಾಳಿಗೂ “ಬತ್ತೀನಿ ಕಣೇ” ಎಂದು ಹೇಳಿಯೇ ಇಳಿದರು, ಹೇಳಿದಂತೆ ಮೇಲೆ ಬಂದರು. ಇದಕ್ಕಿಂತ ದೊಡ್ಡ ಸಾಕ್ಷಿ ದೊಡ್ಡಮ್ಮನಿಗೆ ಯಾಕೆ ಬೇಕು?

ಆಮೇಲೆ ನಮ್ಮ ಚಿನ್ನು ಹುಟ್ಟಿದಳು. ಗಣಿಯಲ್ಲಿ ಚಿನ್ನ ಮುಗಿದರೇನಂತೆ, ಇಲ್ಲಿ ಮನೆಗೊಬ್ಬ ಚಿನ್ನು ಇದ್ದೇ ಇದ್ದಾಳೆ! ನಮ್ಮವಳಿಗೆ ದೊಡ್ಡಮ್ಮ ‘ಅವ್ವ’, ದೊಡ್ಡಪ್ಪ ‘ತಾತ’. ಅಮ್ಮ ಎನ್ನುವ ಮೊದಲೇ “ಬತ್ತೀನಿ” ಎಂದ ಮಗು ಅದು. ತಟ್ಟೆಯಲ್ಲಿ ಅನ್ನ ಬಿಡಬಾರದು, ಹೊಸ್ತಿಲ ಮೇಲೆ ಕೂರಬಾರದು, ಯಾರಿಗೂ ‘ಹೋಗು’ ಅನ್ನಬಾರದು. ದೊಡ್ಡಮ್ಮನ ಪಾಠಶಾಲೆಯಲ್ಲಿ ಪಾಠ ಇಷ್ಟೇ, ಆದರೆ ಪರೀಕ್ಷೆ ದಿನಾ.

“ಓಗು ಅಂದ್ರೆ ಏನಾಗ್ತದೆ ಅವ್ವ?”

“ಓದೋರು ತಿರ್ಗಿ ಬರಲ್ಲ.”

ಇದನ್ನು ನಾನು ನೂರು ಸಲ ಕೇಳಿಸಿಕೊಂಡಿದ್ದೇನೆ, ಅನ್ನ ಬಸಿಯುತ್ತ, ಬಟ್ಟೆ ಮಡಚುತ್ತ. ಒಂದು ಸಲವೂ ನನ್ನ ಕೈ ನಿಲ್ಲಲಿಲ್ಲ.

ಶಾಲೆಗೆ ಸೇರಿಸಿದ ಮೇಲೆ ಹೊಸ ಪೇಚಾಟ ಶುರುವಾಯಿತು. ಚಿನ್ನು ಟೀಚರ್ ಹತ್ತಿರ “ಮಿಸ್, ನನ್ನ ಪೆನ್ಸಿಲ್ ಹೆಚ್ಚಾಗಿದೆ” ಎಂದಳಂತೆ. ಹೆಚ್ಚಿದ್ದರೆ ಇಲ್ಲದವರಿಗೆ ಕೊಡು ಎಂದು ಟೀಚರ್ ಹೇಳಿದರಂತೆ. ಕಳೆದುಹೋದ ಪೆನ್ಸಿಲನ್ನು ಯಾರಿಗೆ ಕೊಡುವುದು? ಮಗು ಅಳುತ್ತ ಮನೆಗೆ ಬಂತು. ಅದಕ್ಕಿಂತ ಚೆಂದ ಶಾಲೆಯ ಗೇಟಿನ ಪ್ರಸಂಗ. ಮಿಸ್ ಹೇಳಿಕೊಟ್ಟಂತೆ ಚಿನ್ನು ಕೈ ಬೀಸಿ “ಬಾಯ್ ಅವ್ವ!” ಎಂದಳು. ದೊಡ್ಡಮ್ಮ ತಿರುಗಿ ಬಂದರು.

“ಯಾಕೆ ಕೂಸೇ, ಬಾ ಅಂದ್ಯಲ್ಲ?”

“ಬಾಯ್ ಅವ್ವ!”

“ಬಂದೆ ಕಣೇ, ಏನು ಏಳು!”

ಕೊನೆಗೆ ಆಯಾ ಬಂದು ಬಿಡಿಸಬೇಕಾಯಿತು. ಸಂಜೆ ನಾನು ನಕ್ಕು ಅರ್ಥ ಹೇಳಹೊರಟರೆ ದೊಡ್ಡಮ್ಮ ಒಪ್ಪಲೇ ಇಲ್ಲ. “ಇಂಗ್ಲಿಷ್ನೋರು ಒಳ್ಳೇ ಜನ. ಓಗುವಾಗಲೇ ಬಾ ಅಂತಾರೆ.”

ದೊಡ್ಡಪ್ಪ ಇದಕ್ಕೆಲ್ಲ ತುಟಿಯಂಚಿನಲ್ಲಿ ನಗುತ್ತ ಕೂತಿರುತ್ತಿದ್ದರು. ದೊಡ್ಡದಾಗಿ ನಕ್ಕರೆ ಕೆಮ್ಮು ಬರುತ್ತಿತ್ತು. ಗಣಿಯ ಧೂಳು ಎದೆಯಲ್ಲಿ ಕೂತಿತ್ತು. ಅವರಿಗೂ ಚಿನ್ನುವಿಗೂ ಚಳಿಗಾಲದಲ್ಲಿ ಒಂದೇ ಕೆಲಸ, ನೆನೆಸಿದ ಅವರೆಕಾಳು ಹಿತುಕುವುದು. ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಚಿಮ್ಮಿ ತಾತನ ಕನ್ನಡಕಕ್ಕೆ ಬಡಿಯಬೇಕು, ತಾತ “ಅಯ್ಯಯ್ಯೋ, ಸತ್ತೆ!” ಎಂದು ಒರಗಬೇಕು. ಸಾರಿಗೆ ಬೀಳುವುದಕ್ಕಿಂತ ನೆಲಕ್ಕೆ ಬೀಳುವ ಬೇಳೆಯೇ ಜಾಸ್ತಿ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ದೊಡ್ಡಪ್ಪನಿಗೆ ಉಸಿರು ಸಿಕ್ಕಿಕೊಂಡಿತು. ಅವತ್ತು ಚಿನ್ನು ಆಟಕ್ಕೆ ಕರೆದರೂ ಅವರು ಏಳಲಿಲ್ಲ. ಮುನಿಸಿಕೊಂಡು ಬಾಗಿಲ ಹಿಂದೆ ಕೂತಿದ್ದಳು. ಆಸ್ಪತ್ರೆಗೆಂದು ಆಟೋದಲ್ಲಿ ಕೂರಿಸಿದೆವು. ದೊಡ್ಡಮ್ಮ ಆಟೋದ ಕಂಬಿ ಹಿಡಿದು ಬಿಡಲೊಲ್ಲರು.

“ಬತ್ತೀನಿ ಅಂತ ಏಳ್ರಿ. ಒಂದ್ಸಲ ಏಳ್ಬುಡಿ.”

ದೊಡ್ಡಪ್ಪ ಬಾಯಿ ತೆರೆದರು. ಮಾತು ಬರಲಿಲ್ಲ. ಕೈಯೆತ್ತಿದರು, ಅಷ್ಟೇ. ಮರುದಿನ ಅವರನ್ನು ಮನೆಗೆ ತಂದೆವು. ತಂದದ್ದು ದೇಹ ಮಾತ್ರ. ಚಿನ್ನುವನ್ನು ಮೊದಲೇ ಎದುರುಮನೆ ಅಕ್ಕ ಆಂಡರ್ಸನ್‌ಪೇಟೆಯ ತನ್ನ ತಂಗಿಯ ಮನೆಗೆ ಕರೆದುಕೊಂಡು ಹೋಗಿದ್ದಳು. ಅವಳು ವಾಪಸ್ ಬಂದು “ತಾತ ಎಲ್ಲಿ?” ಎಂದಾಗ ದೊಡ್ಡಮ್ಮ ನಮ್ಮ ಯಾರನ್ನೂ ಬಾಯಿ ಬಿಡಲು ಬಿಡದೆ ಹೇಳಿದರು: “ಊರ್ಕಡೆ ಅವ್ರೆ. ಅವರೆಕಾಯಿ ಕಾಲಕ್ಕೆ ಬತ್ತಾರೆ.”

ನಾನು ಜಗಳ ಆಡಿದೆ. ಮಗುವಿಗೆ ಹೀಗೆ ಸುಳ್ಳು ಹೇಳಬೇಡಿ ಎಂದೆ. “ಕೈಯಲ್ಲಿ ಏಳವ್ರೆ, ಬತ್ತೀನಿ ಅಂತ. ನಾ ನೋಡಿವ್ನಿ” ಎಂದು ದೊಡ್ಡಮ್ಮ ಗೋಡೆಯ ಕಡೆ ತಿರುಗಿದರು. ನನ್ನ ಗಂಡ ನನ್ನನ್ನು ಹೊರಗೆ ಕರೆದು “ಬಿಡೇ, ದೊಡ್ಡಮ್ಮನ ಮನಸ್ಸಿಗೇ ಇನ್ನೂ ಯಾರೂ ಹೇಳಿಲ್ಲ” ಎಂದರು. ನಾನು ಜಗಳ ಬಿಟ್ಟೆ. ಅಂದಿನಿಂದ ಚಿನ್ನುವಿನ ಗಲಾಟೆ ಕಮ್ಮಿಯಾಯಿತು. ಊಟ ಕಮ್ಮಿಯಾಯಿತು. ಶಾಲೆಯಿಂದ ಬಂದವಳೇ ಕೇಳುವುದು ಒಂದೇ, “ಅವರೆಕಾಯಿ ಬಂತಾ?”

ಬಂತು. ಚಳಿ ಶುರುವಾಗಿ ಬಂಗಾರಪೇಟೆಯ ಮಾರುಕಟ್ಟೆಯಲ್ಲಿ ರಾಶಿರಾಶಿ ಸೊಗಡಿನ ಅವರೆ ಬಿತ್ತು. ಚಿನ್ನು ಹಟ ಹಿಡಿದು ನನ್ನನ್ನೂ ದೊಡ್ಡಮ್ಮನನ್ನೂ ಹೊರಡಿಸಿದಳು. ಚೀಲ ತುಂಬಿಸಿಕೊಂಡು ಸಂಜೆ ರೈಲಿಗೆ ಕಾಯುತ್ತ ಪ್ಲಾಟ್‌ಫಾರಂನಲ್ಲಿ ಕೂತಿದ್ದೆವು. ಬೆಂಗಳೂರು ಕಡೆಯಿಂದ ಒಂದು ರೈಲು ಬಂದು ಜನ ಇಳಿದರು. ಚಿನ್ನು ಎದ್ದು ನಿಂತು ಇಳಿದ ಮುದುಕರನ್ನೆಲ್ಲ ನೋಡತೊಡಗಿದಳು. ಇದ್ದಕ್ಕಿದ್ದಂತೆ ನನ್ನ ಕೈ ಕೊಸರಿ ಓಡಿದಳು. ಮಂಕಿ ಕ್ಯಾಪ್ ಹಾಕಿದ ಯಾರೋ ಒಬ್ಬರ ಬೆರಳು ಹಿಡಿದು “ತಾತಾ!” ಎಂದಳು. ಅವರು ಬಗ್ಗಿ ನೋಡಿದರು. ಮುಖ ಬೇರೆ. ಅವರು ಪಾಪ, ಅವಳ ತಲೆ ಸವರಿ, ಓಡಿ ಬಂದ ನನ್ನ ಕೈಗೆ ಒಪ್ಪಿಸಿದರು.

ಬೆಂಚಿಗೆ ಕರೆತಂದರೆ ಚಿನ್ನು ಅಳಲಿಲ್ಲ. ದೊಡ್ಡಮ್ಮನ ಮಡಿಲಿಗೆ ಮುಖ ಒತ್ತಿ ಏನೋ ಗೊಣಗಿದಳು. ದೊಡ್ಡಮ್ಮ “ಏನು ಕೂಸೇ, ಜೋರಾಗಿ ಏಳು” ಎಂದರು.

“ನಾನೇ ಅಂದಿದ್ದು ಅವ್ವ. ಆವತ್ತು. ಆಟಕ್ಕೆ ಬರ್ಲಿಲ್ಲ ಅಂತ. ಓಗು ತಾತ, ಟೂ ಅಂದೆ. ಅದಕ್ಕೇ ತಾತ ಬರ್ತಾ ಇಲ್ಲ.”

ಇಷ್ಟು ದಿನ ಈ ಐದು ವರ್ಷದ ಜೀವ ಹೊತ್ತುಕೊಂಡು ತಿರುಗಿದ್ದು ಇದನ್ನಾ? ಊಟ ಬಿಟ್ಟಿದ್ದು ಇದಕ್ಕಾ? ನಾನು ಬಾಯಿ ತೆರೆಯುವುದರೊಳಗೆ ದೊಡ್ಡಮ್ಮ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದೆತ್ತಿದರು.

“ಇಲ್ಲ ಕಣೇ. ತಾತ ಸತ್ತೋದ್ರು. ಎದೆನಾಗೆ ಗಣಿ ಧೂಳು ತುಂಬಿ ಸತ್ತೋದ್ರು. ನಿನ್ನ ಮಾತಿಂದ ಅಲ್ಲ. ಮಾತಿಂದ ಯಾರೂ ಸಾಯಲ್ಲ. ನಾನು ಸುಳ್ಳೇಳ್ದೆ.”

ಚಿನ್ನು ನಂಬಲಿಲ್ಲ. ಹೇಗೆ ನಂಬುತ್ತಾಳೆ? ಹುಟ್ಟಿದಾಗಿನಿಂದ ಕಲಿತ ಪಾಠ ಅದೊಂದೇ.

ದೊಡ್ಡಮ್ಮ ಬೆಂಚಿನ ತೋಳು ಹಿಡಿದು ಎದ್ದು ನಿಂತರು. ಸೆರಗು ಬಿಗಿದುಕೊಂಡರು. ಒಂದು ಸಲ ಕಣ್ಣು ಮುಚ್ಚಿದರು. ಆಮೇಲೆ, ಅಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಅವರ ಬಾಯಿಂದ ಕೇಳದ ಮಾತು ಬಂತು.

“ನೋಡು ಚಿನ್ನು. ನಾನು ಓಗ್ತೀನಿ.”

ಹಾಗೆ ಹೇಳಿ ಮಂಡಿನೋವಿನ ಕಾಲೆಳೆಯುತ್ತ ಜನರ ನಡುವೆ ನಡೆದು, ಪ್ಲಾಟ್‌ಫಾರಂ ಕೊನೆಯ ನೀರಿನ ನಲ್ಲಿಯವರೆಗೂ ಹೋದರು. ಚಿನ್ನು ಉಸಿರು ಬಿಗಿಹಿಡಿದು ನನ್ನ ಬೆರಳನ್ನು ಹಿಸುಕುತ್ತಿದ್ದಳು. ದೊಡ್ಡಮ್ಮ ನಲ್ಲಿಯನ್ನು ಮುಟ್ಟಿ ತಿರುಗಿ ಬಂದರು. “ನಾ ಬಂದ್ನಾ?”

“ಊಂ.”

“ಇನ್ನೊಂದ್ಸಲ ಓಗ್ತೀನಿ.”

ಮತ್ತೆ ಹೋದರು, ಮತ್ತೆ ಬಂದರು. ನಮ್ಮ ರೈಲು ಬಂದು ನಿಂತಿತು. ಹತ್ತೋಣ ದೊಡ್ಡಮ್ಮ ಎಂದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ಚಿನ್ನುವಿನ ಎದುರು ಕುಕ್ಕರಗಾಲಲ್ಲಿ ಕೂತು “ಈಗ ನೀನು ಅನ್ನು” ಎಂದರು.

ಚಿನ್ನು ಇಲ್ಲ ಇಲ್ಲ ಎಂದು ತಲೆಯಾಡಿಸಿದಳು.

“ಅನ್ನು ಕೂಸೇ. ನನ್ನಾಣೆ ಏನೂ ಆಗಲ್ಲ. ನಾ ಬತ್ತೀನಿ.”

ರೈಲು ಹೊರಟುಹೋಯಿತು. ಪ್ಲಾಟ್‌ಫಾರಂ ಖಾಲಿಯಾಯಿತು. ಆಮೇಲೆ ಚಿನ್ನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಕೇಳಿಸುವುದೋ ಇಲ್ಲವೋ ಎಂಬಂತೆ “ಓಗವ್ವ” ಎಂದಳು.

ದೊಡ್ಡಮ್ಮ ಹೋದರು. ನಲ್ಲಿಯವರೆಗೂ ಹೋಗಲಾಗಲಿಲ್ಲ ಅವರಿಗೆ. ಅರ್ಧಕ್ಕೇ ತಿರುಗಿ, ಆ ಮಂಡಿಗಳಲ್ಲಿ, ನಮ್ಮ ಕಡೆಗೆ ಓಡಿ ಬಂದರು.