ಬಾಗಿಲಿಗೆ ಕಟ್ಟಿದ ಬೇವಿನ ಸೊಪ್ಪು

ನನ್ನ ಹೆಂಡತಿ ನೀಲಾಳನ್ನು ಜನರಿಂದ ಕಾಪಾಡುವ ಮಹತ್ಕಾರ್ಯವನ್ನು ಕೈಗೆತ್ತಿಕೊಂಡಾಗ, ಅದು ನನ್ನಂಥ ಬುದ್ಧಿವಂತನಿಗೆ ಎಡಗೈ ಕೆಲಸ ಅಂತಲೇ ಅಂದುಕೊಂಡಿದ್ದೆ. ಹರಿಹರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನಿಗೆ ಒಂದು ಬಾಗಿಲು ಕಾಯುವುದು ಯಾವ ಮಹಾ?

ನೀಲಾಗೆ ಕ್ಯಾನ್ಸರ್ ಆಗಿತ್ತು. ಅರವತ್ತರ ದಶಕದ ಆ ದಿನಗಳಲ್ಲಿ ನಮ್ಮ ಕಡೆ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಆ ಕಾಯಿಲೆ’ ಅನ್ನುತ್ತಿದ್ದರು, ಅದೂ ಮೆಲ್ಲಗೆ. ಬೊಂಬಾಯಿಗೆ ಹೋಗಿ ಅದರ ಸೂಜಿಮದ್ದು ಹಾಕಿಸಿಕೊಂಡು ಬಂದಿದ್ದೆವು. ದಾವಣಗೆರೆಯ ನಮ್ಮ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು:

“ಮೇಷ್ಟ್ರೇ, ಈ ಔಷಧಿ ರೋಗದ ಜೊತೆಗೆ ಮೈಯನ್ನು ಕಾಯೋ ಶಕ್ತಿಯನ್ನೂ ಕೊಲ್ಲುತ್ತೆ. ಯಾರ ಸೋಂಕೂ ತಾಗಬಾರದು. ಜನರನ್ನ ಒಳಗೆ ಬಿಡಬೇಡಿ. ಚಳಿಜ್ವರ ಬಂತೋ, ಕಷಾಯ ಗಿಷಾಯ ಅಂತ ಕೂರಬೇಡಿ, ನೇರ ನನ್ನ ಹತ್ರ ಕರ್ಕೊಂಡು ಬನ್ನಿ. ತಡ ಮಾಡಿದ್ರೆ ಉಳಿಸಿಕೊಳ್ಳೋದು ಕಷ್ಟ.”

ಜನರನ್ನು ಬಿಡಬೇಡಿ! ಹರಿಹರದಲ್ಲಿ! ನಮ್ಮಲ್ಲಿ ಕಾಯಿಲೆಯವರನ್ನು ಮಾತಾಡಿಸಿಕೊಂಡು ಬರದಿದ್ದರೆ ನೆಂಟಸ್ತನವೇ ಮುರಿದುಬೀಳುತ್ತದೆ. ಬಾಳೆಹಣ್ಣು ಹಿಡಿದು ಬರುವರು, ಮಂಚದ ಮೇಲೇ ಕೂರುವರು, “ಎಷ್ಟು ಸೊರಗೀಯವ್ವಾ” ಅಂತ ಅತ್ತು, ಮೂಗೊರೆಸಿದ ಕೈಯಲ್ಲೇ ಅವಳ ಕೆನ್ನೆ ಸವರುವರು. “ಮಲಗ್ಯಾಳೆ” ಅಂದರೆ, “ಮಲಗ್ಲಿ ಬಿಡ್ರಿ, ನಾವು ಕುಂತಿರ್ತೀವಿ.” “ಡಾಕ್ಟ್ರು ಬ್ಯಾಡ ಅಂದಾರೆ” ಅಂದರೆ, “ಹೌದ್ರೀ, ಬ್ಯಾರೆಯವರನ್ನ ಒಳಗ ಬಿಡಲೇಬ್ಯಾಡ್ರಿ” ಅಂತ ಹೇಳಿ ತಾವು ಒಳಗೆ ಬರುವರು! ಎದುರುಮನೆ ಬಸಕ್ಕನಂತೂ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಜರು.

ಆಗ ನನಗೆ ಆ ದಿವ್ಯ ಉಪಾಯ ಹೊಳೆಯಿತು. ಅಮ್ಮ ಬಂದ ಮನೆಗೆ, ಅಂದರೆ ಸಿಡುಬಾದ ಮನೆಗೆ, ಜನ ಕಾಲಿಡುವುದಿಲ್ಲ. ಅದರ ಗುರುತು ಏನು? ಬಾಗಿಲಿಗೆ ಕಟ್ಟಿದ ಬೇವಿನ ಸೊಪ್ಪು. ಒಂದು ಟೊಂಗೆ ಮುರಿದು ತಂದು ಕಟ್ಟಿಯೇಬಿಟ್ಟೆ.

“ಇದು ಯಾಕೋ ಸರಿ ಕಾಣ್ತಿಲ್ಲರೀ” ಅಂದಳು ನೀಲಾ ಮಂಚದಿಂದ.

“ನೀನು ಸುಮ್ನಿರು. ಇದಕ್ಕೆ ತಲೆ ಬೇಕು” ಅಂದೆ.

ಬೀದಿಯೇ ಸ್ತಬ್ಧ! ಒಂದು ನರಪಿಳ್ಳೆಯೂ ಹತ್ತಿರ ಸುಳಿಯಲಿಲ್ಲ. ನಾನು ಹಿಗ್ಗಿದೆ. ಮರುದಿನ ಬಸಕ್ಕ ತನ್ನ ಜಗಲಿಯಿಂದಲೇ ಆಜ್ಞೆ ಹೊರಡಿಸತೊಡಗಿದಳು. “ಮೇಷ್ಟ್ರೇ, ಅಮ್ಮ ಇರೋತನಕ ಒಗ್ಗರಣೆ ಹಾಕಬ್ಯಾಡ್ರಿ. ಗಡ್ಡ ತೆಗೀಬ್ಯಾಡ್ರಿ. ಔಷಧ ಅಂತೂ ಮುಟ್ಟಲೇಬ್ಯಾಡ್ರಿ!” ಒಗ್ಗರಣೆಯ ವಾಸನೆ ಹೊರಗೆ ಹೋದರೆ ನನ್ನ ಬಂಡವಾಳ ಬಯಲಾದಂತೆಯೇ. ಸಪ್ಪೆ ಸಾರು ಉಂಡೆ. ಗಡ್ಡ ಬಿಟ್ಟೆ. ಹೆಡ್‌ಮಾಸ್ತರು “ಸ್ಕೂಲ್ ಕಡೆ ತಲೆ ಹಾಕಬೇಡಿ” ಅಂತ ಹೇಳಿಕಳಿಸಿದರು. ಎಲ್ಲವೂ ಹೆಂಡತಿಗಾಗಿ ಮಾಡುವ ತ್ಯಾಗ ಅಂತ ಸಹಿಸಿಕೊಂಡೆ.

ಆದರೆ ಸುದ್ದಿ ಹೆಡ್‌ಮಾಸ್ತರಲ್ಲಿಗೇ ನಿಲ್ಲಲಿಲ್ಲ. ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕುವ ಸರ್ಕಾರಿ ಮಂದಿ ಚೀಲ ಹಿಡಿದು ಬಂದೇಬಿಟ್ಟರು!

“ಸಿಡುಬು ಯಾರಿಗೆ?”

ನಿಜ ಹೇಳಿದರೆ ಬಸಕ್ಕನ ಕಿವಿಗೆ ಬೀಳುತ್ತದೆ, ಊರೆಲ್ಲ ಮತ್ತೆ ಒಳಗೆ ನುಗ್ಗುತ್ತದೆ. “ನನ್ನ ಹೆಂಡತಿಗೆ” ಅಂದೆ.

“ಹಾಗಾದ್ರೆ ಅವರಿಗೆ ದಾಕು ಬೇಡ. ನಿಮಗೆ ಹಾಕಲೇಬೇಕು, ತೋಳು ತೋರಿಸಿ.”

ಪುಣ್ಯಕ್ಕೆ ಮುಸುಕು ಹೊದ್ದು ಮಲಗಿದ್ದ ನೀಲಾಳನ್ನು ಬಾಗಿಲಿಂದಲೇ ನೋಡಿ ಹೋದರು. ನಾನು ತೋಳು ಚುಚ್ಚಿಸಿಕೊಂಡು, ಸುಳ್ಳನ್ನು ಎಷ್ಟು ಚೆನ್ನಾಗಿ ನಿಭಾಯಿಸಿದೆ ಅಂತ ಬೀಗಿದೆ.

ಅದಾಗಿ ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ನೀಲಾಗೆ ಚಳಿ ಹತ್ತಿತು. ಒಂದು ಕೌದಿ ಹೊದಿಸಿದೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಕಂಬಳಿ. ಮಂಚವೇ ಗಡಗಡ ನಡುಗುತ್ತಿತ್ತು. ಹಣೆ ಮುಟ್ಟಿದರೆ ಕಾದ ಹಂಚು. “ರೀ, ಹೋಗೋಣ” ಅಂದಳು, ಅಷ್ಟೇ.

ಟಾಂಗಾ ಹುಡುಕಿಕೊಂಡು ಓಡಿದೆ. ಮೊದಲನೆಯವನು ನನ್ನ ಗಡ್ಡ ನೋಡಿದ್ದೇ ಕುದುರೆ ತಿರುಗಿಸಿದ. ಎರಡನೆಯವನು, “ಅಮ್ಮನ್ನ ಟಾಂಗಾದಾಗ ಕುಂದ್ರಿಸಿದ್ರ ನನ್ನ ಮಕ್ಕಳ ಗತಿ ಏನ್ರಿ?” ಅಂದ. ನಮ್ಮ ಬೀದಿಯ ನಡುವೆ ನಿಂತು ಕೂಗಿದೆ: “ಅದು ಅಮ್ಮ ಅಲ್ರೋ! ನಾನೇ ಸುಳ್ಳು ಸೊಪ್ಪು ಕಟ್ಟಿದ್ದು!”

ಬಸಕ್ಕ ಕೆನ್ನೆ ಬಡಿದುಕೊಂಡಳು. “ಹಂಗನ್ನಬ್ಯಾಡ್ರಿ ಮೇಷ್ಟ್ರೇ, ತಾಯಿ ಮುನಿಸ್ಕೊಂತಾಳೆ! ಪಾಪ, ಹೆಂಡ್ತಿ ಚಿಂತ್ಯಾಗ ತಲಿ ಕೆಟ್ಟೈತೆ.”

ವರ್ಷಗಟ್ಟಲೆ ಗಣಿತ ಕಲಿಸಿದ ಊರಿನಲ್ಲಿ ನಾನು ಹೇಳಿದ ಸುಳ್ಳನ್ನು ಎಲ್ಲರೂ ನಂಬಿದರು, ನಿಜವನ್ನು ಒಬ್ಬರೂ ನಂಬಲಿಲ್ಲ. ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ. ಅವಳು ಹೋದರೆ ನಾನೇ ಕೊಂದಂತೆ ಅನ್ನಿಸಿತು.

ಆಗ ಬಂದವನು ಟಾಂಗಾ ಹುಸೇನ್ ಸಾಬ. ಮುಖದ ತುಂಬ ಸಿಡುಬಿನ ಕಲೆ. “ಅಳಬ್ಯಾಡ್ರಿ ಮಾಸ್ತರ. ಅಮ್ಮ ನನಗ ಸಣ್ಣವಿದ್ದಾಗ್ಲೇ ಬಂದು ಹೋಗ್ಯಾಳೆ, ಮತ್ತ ಬರಂಗಿಲ್ಲ. ಅಕ್ಕಾರನ್ನ ಎತ್ತಿಕೊಂಡು ಬರ್ರಿ.” ದಾವಣಗೆರೆಯವರೆಗೂ ಅವನು ಕುದುರೆಯನ್ನು ನಿಲ್ಲಿಸಲಿಲ್ಲ. ನೀಲಾ ನನ್ನ ತೊಡೆಯ ಮೇಲೆ ನಡುಗುತ್ತ ಮಲಗಿದ್ದಳು.

ಡಾಕ್ಟರು ಅವಳಿಗೆ ಇಂಜೆಕ್ಷನ್ ಕೊಟ್ಟು ನನ್ನ ಕಡೆ ತಿರುಗಿದರು. ನನ್ನ ತೋಳಿನ ಮೇಲೆ ಕೀವುಗುಳ್ಳೆ ಎದ್ದಿತ್ತು. “ಏನಿದು?”

“ದಾಕು” ಅಂದೆ. ಕಥೆಯನ್ನೂ ಹೇಳಿದೆ.

ಅವರ ಮುಖ ಬಿಳುಚಿಕೊಂಡಿತು. “ಈ ಗುಳ್ಳೆಯಲ್ಲಿರೋದು ಜೀವಂತ ಸೋಂಕು. ನಿಮ್ಮ ಮೈಯಿಂದ ಇದು ಆಕೆಗೆ ತಾಗಿದ್ರೆ ಏನಾಗ್ತಿತ್ತು ಗೊತ್ತೇನ್ರೀ? ಊರನ್ನೆಲ್ಲ ಹೊರಗಿಟ್ಟು ಅಪಾಯನ ನೀವೇ ಮನೇಲಿ ಇಟ್ಕೊಂಡಿದ್ರಲ್ಲ! ನಡೀರಿ ಆಚೆ!”

ಆಚೆ ನಡೆದೆ. ಆಸ್ಪತ್ರೆಯ ಬೇವಿನ ಮರದ ಕೆಳಗೇ ಕೂತೆ. ಬೇರೆ ಮರವೇ ಸಿಗಲಿಲ್ಲ. ದಾಕಿನ ಸೋಂಕು ತಾಗಿಲ್ಲ, ಇದು ಬೇರೆ ಸೋಂಕಿನ ಜ್ವರ ಅಂತ ಆಮೇಲೆ ಹೇಳಿಕಳಿಸಿದರು. ಆದರೂ ಜ್ವರ ಇಳಿಯುವವರೆಗೆ ನನಗೆ ಊಟ ಸೇರಲಿಲ್ಲ. ನನ್ನ ಜಾಣತನದ ಬಗ್ಗೆ ಅಷ್ಟು ದೀರ್ಘವಾಗಿ ಯೋಚಿಸಲು ಹಿಂದೆಂದೂ ಪುರುಸೊತ್ತು ಸಿಕ್ಕಿರಲಿಲ್ಲ. ಕೊನೆಗೆ ನರ್ಸಮ್ಮ ಬಂದು, “ನಡುಕ ನಿಂತೈತೆ, ಗಂಜಿ ಕುಡಿದ್ರು, ನಿಮ್ಮದು ಊಟ ಆಯ್ತಾ ಅಂತ ಕೇಳ್ತಿದಾರೆ” ಅಂದಾಗ ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡೆ.

ಮನೆಗೆ ಕಳಿಸುವಾಗ ಡಾಕ್ಟರು ನಿಯಮ ಹಾಕಿದರು. ಸೋಪು ಹಚ್ಚಿ ಕೈ ತೊಳೆದು ಒಳಗೆ ಹೋಗಿ ಅಡಿಗೆ ಮಾಡಲು ಒಬ್ಬರಿಗೆ ಮಾತ್ರ ಅಪ್ಪಣೆ. ಅದು ಬಸಕ್ಕನಿಗೆ! ಅಮ್ಮ ಅಲ್ಲ ಅಂತ ಡಾಕ್ಟರೇ ಹೇಳಿಕಳಿಸಿದ ಮೇಲೆ ಅವಳು ನಂಬಿದ್ದಳು. ನನ್ನ ತೋಳಿನ ಹಕ್ಕಳೆ ಉದುರುವವರೆಗೆ ನಾನು ಒಳಗೆ ಹೋಗುವಂತಿಲ್ಲ. ಜಗಲಿಯೇ ಗತಿ. ಒಣಗಿದ ಸೊಪ್ಪನ್ನು ಕಿತ್ತೆಸೆಯಲು ಹೋದರೆ, ಕಿಟಕಿಯಿಂದ ನೀಲಾ, “ಇರಲಿ ಬಿಡ್ರಿ, ಹಸಿ ಸೊಪ್ಪು ತಂದು ಕಟ್ರಿ. ಈಗ ನಿಮಗೆ ಬೇಕು ಅದು” ಅಂದಳು. ಕಟ್ಟಿದೆ.

ಮರುದಿನ ಸಂಜೆ ಗಡ್ಡ ಬಿಟ್ಟುಕೊಂಡು ಅದರ ಕೆಳಗೆ ಕೂತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಮುದುಕಿ ಬೇವು ನೋಡಿದಳು, ನನ್ನ ಗಡ್ಡ ನೋಡಿದಳು, ತೋಳಿನ ಹಕ್ಕಳೆ ನೋಡಿದಳು. ಬುಟ್ಟಿಯಿಂದ ಮೊಸರನ್ನ ತೆಗೆದು ಎಲೆಯಲ್ಲಿಟ್ಟು ನನ್ನ ಮುಂದೆ ಎಡೆ ಹಿಡಿದಳು. “ತಾಯೀ, ತಣ್ಣಗಿರವ್ವ” ಅಂತ ಅಡ್ಡಬಿದ್ದಳು!

ಕಿಟಕಿಯೊಳಗಿಂದ ನಗು ಕೇಳಿಸಿತು. ಬೊಂಬಾಯಿಯಿಂದ ಬಂದ ಮೇಲೆ ನೀಲಾ ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು. ನಿಲ್ಲಿಸಲಾರದೆ ನಗುತ್ತಿದ್ದಳು, ಬಸಕ್ಕ ನೀರು ಕುಡಿಸಬೇಕಾಯಿತು. ಇನ್ನೊಂದು ಸಲ ನಗಲಿ ಅಂತ ನಾನೂ ಕೈಯೆತ್ತಿ ಮುದುಕಿಗೆ ಆಶೀರ್ವಾದ ಮಾಡಿದೆ.

ಆಮೇಲೆ ಮೊಸರನ್ನ ಉಂಡೆ. ಅದಕ್ಕೂ ಒಗ್ಗರಣೆ ಇರಲಿಲ್ಲ!